ಕುಬಸದ ದಿನ ಕೇಳಿದ ಬಯಕೆ

ಹಿರೇಸೊಸಿ ತೀರಿಕೊಂಡಳೆಂಬ ಸುದ್ದಿಯನ್ನು ಯಲಬುರ್ಗಾದಿಂದ ತಂದವನು ನಮ್ಮ ದೂರದ ಸಂಬಂಧಿ. ಚಹಾ ಕುಡಿದು ಲೋಟ ಕೆಳಗಿಡುತ್ತ, “ಬಾಯಾಗ ಒಂದ ಹಲ್ಲಿರಲಿಲ್ಲ ನೋಡ್ರಿ, ಆದ್ರೂ ಕಡೀತನಕ ಮಾತಿಗೇನ್ ಕಮ್ಮಿ ಇರಲಿಲ್ಲ. ವಯಸ್ಸಾಗಿತ್ತು ಬಿಡ್ರಿ” ಅಂದ. ನನಗೆ ಸಿಟ್ಟು ಬಂತು. ಆಕೆಯ ಹಲ್ಲು ವಯಸ್ಸಾಗಿ ಹೋದದ್ದಲ್ಲ. ನಾನು ಆ ಮನೆಗೆ ಸೊಸೆಯಾಗಿ ಕಾಲಿಟ್ಟಾಗ ಆಕೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಆಗಲೇ ಬಾಯಿಯ ಮುಂಭಾಗ ಖಾಲಿಯಾಗಿತ್ತು. ಅವನಿಗೆ ಇದನ್ನೆಲ್ಲ ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ. ಆದರೆ ಅವನು ಹೋದ ಮೇಲೆ ಸುಮ್ಮನಿರಲು ಆಗಲಿಲ್ಲ.

ಆಕೆ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಮನೆಯಲ್ಲಿ ಎಲ್ಲರ ಬಾಯಲ್ಲೂ ಹಿರೇಸೊಸಿ, ನನಗೆ ಅಕ್ಕ. ತವರು ಇರಕಲ್ಲಗಡ. ನಿಜಾಮರ ಕಾಲದ ಮಾತು ಇದು. ನಮ್ಮದು ಯಲಬುರ್ಗಾದಲ್ಲಿ ಜೋಳ, ಕಡಲೆ ಕೊಂಡಿಟ್ಟು ಮಾರುವ ಮನೆ. ಮುಂದೆ ಅಂಗಡಿ ಮತ್ತು ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಕಾಳಿನ ಚೀಲಗಳನ್ನು ಒಟ್ಟಿದ ಕತ್ತಲ ಕೋಣೆ. ಮಣ್ಣಿನ ಮಾಳಿಗೆಯಲ್ಲಿ ಕೊರೆದ ಒಂದು ಬೆಳಕಿಂಡಿಯಿಂದ ಬಿದ್ದಷ್ಟೇ ಬೆಳಕು. ನಾನು ಬಂದ ಹೊಸದರಲ್ಲಿ ಆಕೆ ಆ ಮನೆಯನ್ನು ನನಗೆ ಪರಿಚಯಿಸಿದ ರೀತಿ ಹೀಗಿತ್ತು: “ತಂಗಿ, ಈ ಮನಿಗೆ ಬಾಗಲಾ ಎರಡದಾವ. ಒಂದರಾಗ ಗಂಡಸರು ಕುಂತಿರ್ತಾರ, ಇನ್ನೊಂದರಾಗ ಅತ್ತಿ ಕುಂತಿರ್ತಾರ. ಗಾಳಿ ಬೇಕಂದ್ರ ಮ್ಯಾಲ ನೋಡು.”

ಅದು ತಮಾಷೆಯೆಂದು ನಕ್ಕಿದ್ದೆ. ಕೆಲವೇ ದಿನಗಳಲ್ಲಿ ಅದರಲ್ಲಿ ತಮಾಷೆ ಎಷ್ಟು ಕಡಿಮೆ ಎಂದು ಗೊತ್ತಾಯಿತು. ನಸುಕಿನಲ್ಲಿ ಬಾವಿಗೆ ಹೋಗಿ ನೀರು ತರುವುದೊಂದೇ ನಮ್ಮ ಹೊರಸಂಚಾರ.

ಮಾತಾಡುವಾಗ ಸೆರಗಿನ ತುದಿಯನ್ನು ತುಟಿಯ ಮೇಲೆ ಹಿಡಿಯುವುದು ಆಕೆಯ ಅಭ್ಯಾಸ. ಹೊಸಬರು ಅದನ್ನು ನಾಚಿಕೆ ಎಂದುಕೊಂಡು, ಎಂಥ ಮರ್ಯಾದೆಯ ಸೊಸೆ ಎಂದು ಅತ್ತೆಯ ಮುಂದೆ ಹೊಗಳುತ್ತಿದ್ದರು. ಊಟಕ್ಕೆ ಎಲ್ಲರದೂ ಆದ ಮೇಲೆ ಕೂರುತ್ತಿದ್ದಳು. ರೊಟ್ಟಿಯನ್ನು ಚೂರು ಮಾಡಿ, ಸಾರಿನಲ್ಲಿ ನೆನೆಹಾಕಿ, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಅಂಥ ಖಡಕ್ ಜೋಳದ ರೊಟ್ಟಿಗಳನ್ನು ಮನೆಮಂದಿಗೆಲ್ಲ ಬಡಿಯುವವಳು ಆಕೆಯೇ. ಅವು ಮುರಿಯುವ ಸದ್ದು ಕೇಳುತ್ತ, “ಕೇಳಾಕ ಛಲೋ ಅನಸ್ತೈತಿ ನೋಡು” ಎನ್ನುತ್ತಿದ್ದಳು.

ಹಾಗೆಂದು ಸದಾ ಅಳುಮೋರೆ ಹಾಕಿಕೊಂಡು ಕೂರುವವಳಲ್ಲ. ಮುಂದಿನ ಹಲ್ಲು ಹೋದ ಸಂದಿಯಿಂದ ಸೀಟಿ ಹೊಡೆಯುವುದನ್ನು ಕಲಿತಿದ್ದಳು. ಹಿತ್ತಿಲಲ್ಲಿ ಒಣಹಾಕಿದ ಕಾಳಿಗೆ ಗುಬ್ಬಿ ಬಂದರೆ ಒಂದು ಸೀಟಿ, ಎಲ್ಲವೂ ಪುರ್ ಎಂದು ಹಾರಿಹೋಗುತ್ತಿದ್ದವು. ಅತ್ತೆ ಒಮ್ಮೆ ಅದನ್ನು ಕೇಳಿ, ಯಾವನೋ ಪೋಲಿ ಹಿತ್ತಿಲ ಗೋಡೆಯಾಚೆ ನಿಂತು ಸೊಸೆಯರಿಗೆ ಸೀಟಿ ಹೊಡೆಯುತ್ತಿದ್ದಾನೆಂದು ಮಾವನವರಿಗೆ ದೂರು ಕೊಟ್ಟರು. ಮಾವನವರು ಬಡಿಗೆ ಹಿಡಿದು ಓಣಿಯೆಲ್ಲ ಸುತ್ತಿ ಬಂದರು. ಅಕ್ಕ ತಲೆ ತಗ್ಗಿಸಿ ಕಾಳು ಹಸನು ಮಾಡುತ್ತ ಕೂತಿದ್ದಳು, ಭುಜ ಮಾತ್ರ ಕುಣಿಯುತ್ತಿತ್ತು. ಆ ಪೋಲಿ ಕೊನೆಗೂ ಸಿಗಲಿಲ್ಲ.

ಆಕೆಗೆ ನಾಲ್ಕು ಬಾಣಂತನಗಳಾಗಿದ್ದವು. ಪ್ರತಿ ಬಸುರಿನಲ್ಲೂ ಒಸಡು ಉಬ್ಬಿ, ರಕ್ತ ಒಸರಿ, ಒಂದೋ ಎರಡೋ ಹಲ್ಲು ಅಲುಗಾಡಿ ಬಿದ್ದಿದ್ದವು. ಕೂಸಿನ ಎಲುಬು ತಾಯಿಯ ಹಲ್ಲಿನಿಂದಲೇ ಆಗುತ್ತದೆಂದು ಅತ್ತೆ ನಂಬಿದ್ದರು. ಹಾಗಾಗಿ ಸೊಸೆಯ ಹಲ್ಲು ಬಿದ್ದರೆ ಅವರಿಗೆ ಒಳಗೊಳಗೇ ಸಮಾಧಾನ, ಮೊಮ್ಮಗ ಗಟ್ಟಿಯಾಗುತ್ತಿದ್ದಾನೆ ಎಂದು.

ಮದುವೆಯಾದ ಎರಡನೆಯ ವರ್ಷ ನನಗೆ ದಿನ ನಿಂತವು. ವಾಂತಿ ಎಂದರೆ ಅಂಥಿಂಥ ವಾಂತಿಯಲ್ಲ. ಬಾಯಿಯಲ್ಲಿ ಸದಾ ಹುಳಿ. ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕಿದರೆ ಉಗುಳಿನಲ್ಲಿ ರಕ್ತ. ಅತ್ತೆ ಅದನ್ನು ಕಂಡು ಕಡ್ಡಿಯನ್ನು ಕಸಿದುಕೊಂಡು ಒಲೆಗೆ ಹಾಕಿದರು. “ಹಡೀತನಕ ಹಲ್ಲಿಗೆ ಕೈ ಹಚ್ಚಬ್ಯಾಡ. ಬಸುರಿ ಬಾಯಿಂದ ರಕ್ತ ನೆಲಕ್ಕ ಬೀಳಬಾರದು” ಅಂದರು. ನಾನು ವಿಧೇಯ ಸೊಸೆ, ತಿಕ್ಕುವುದನ್ನು ಬಿಟ್ಟೆ. ತಿಂಗಳೊಪ್ಪತ್ತಿನಲ್ಲಿ ಕೆಳದವಡೆಯ ಹಲ್ಲೊಂದು ಹಿಡಿದುಕೊಂಡಿತು. ಮೊದಲು ತಣ್ಣೀರಿಗೆ ಜುಂ ಎನ್ನುತ್ತಿತ್ತು, ಆಮೇಲೆ ಬಿಸಿಗೂ, ಆಮೇಲೆ ಏನೂ ಇಲ್ಲದೆಯೂ. ಕೆನ್ನೆ ಬಾತು ಒಂದು ಕಣ್ಣು ಸಣ್ಣದಾಯಿತು.

ಅತ್ತೆಯನ್ನು ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಅವರಿಗೊಬ್ಬ ಮಗಳಿದ್ದಳು. ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಾಗ ಹಲ್ಲುನೋವೆಂದು ಒದ್ದಾಡಿದಳಂತೆ. ನೋಡಲಾರದೆ ಅತ್ತೆಯೇ ಸಂತೆಗೆ ಕರೆದೊಯ್ದು, ಅಲ್ಲಿ ಇಕ್ಕಳ ಹಿಡಿದು ಕೂತವನಿಂದ ಕೀಳಿಸಿದರು. ಅಂದೇ ಜ್ವರ ಏರಿತು, ಕುತ್ತಿಗೆಯವರೆಗೆ ಬಾವು ಇಳಿಯಿತು. ಕೂಸೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ಅಂದಿನಿಂದ ಬಸುರಿಯ ಬಾಯಿಗೆ ಇಕ್ಕಳ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅತ್ತೆ ಎದ್ದು ದೇವರ ಮುಂದೆ ಹೋಗಿ ಕೂರುತ್ತಿದ್ದರು. ನನ್ನ ಬಾತ ಕೆನ್ನೆಗೆ ಉಪ್ಪಿನ ಶಾಖ ಕೊಡುತ್ತ ಅವರೇ ಅಳುತ್ತಿದ್ದರು. ಅಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಲವಂಗ ಇಟ್ಟರು, ಪೇರಲ ಎಲೆ ಕುದಿಸಿದ ನೀರು ಮುಕ್ಕಳಿಸಿದೆ. ಕೊನೆಗೆ ಹಲ್ಲಿನ ಹುಳ ತೆಗೆಯುವವಳೊಬ್ಬಳು ಬಂದಳು. ಕೆಂಡದ ಮೇಲೆ ಏನೋ ಬೀಜ ಹಾಕಿ, ಹೊಗೆಯನ್ನು ಕೊಳವೆಯಿಂದ ನನ್ನ ಬಾಯಿಗೆ ಬಿಟ್ಟು, ಮೊರದ ಮೇಲೆ ಬಿಳಿ ಹುಳಗಳನ್ನು ಉದುರಿಸಿ ತೋರಿಸಿದಳು. ಓಣಿಯ ಹೆಂಗಸರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅಕ್ಕ ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಂಡಿಯ ಕೆಳಗೆ ಹಿಡಿದು ನೋಡಿ, ನನ್ನ ಕಿವಿಯಲ್ಲಿ ಹೇಳಿದಳು: “ಜೋಳದ ಹುಳ ಇದು. ದಿನಾ ಹಸನ ಮಾಡ್ತೀನಿ, ನನಗ ಗೊತ್ತಾಗೂದಿಲ್ಲೇನು? ನಿನ್ನ ಬಾಯಾಗ ಯಾವಾಗ ಬಿತ್ತಿದ್ರು?” ನೋವಿನಲ್ಲೂ ನಗು ಬಂತು, ನಕ್ಕಿದ್ದಕ್ಕೆ ಮತ್ತಷ್ಟು ನೋವಾಯಿತು.

ಕೊಪ್ಪಳದ ದವಾಖಾನೆಯಲ್ಲಿ ಹಲ್ಲು ಕೀಳುವ ಡಾಕ್ಟರರಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಗಂಡನನ್ನು ಕೇಳಿದೆ. “ಅವ್ವನ್ನ ಕೇಳು” ಅಂದ. ಅತ್ತೆಯನ್ನು ಕೇಳಿದೆ. “ಚೊಚ್ಚಲ ಅಂದ್ರ ತವರಮನಿಯವರ ಜವಾಬ್ದಾರಿ. ನಾಳೆ ಏನಾರ ಆದ್ರ ನಿಮ್ಮ ಅಪ್ಪಗ ನಾ ಏನ್ ಹೇಳ್ಲಿ? ಅವರನ್ನ ಕೇಳು” ಅಂದರು. ಕುಷ್ಟಗಿಯಿಂದ ಅಪ್ಪ ನೋಡಲು ಬಂದಾಗ ಅವರನ್ನೂ ಕೇಳಿದೆ. ಮಗಳ ಬಾತ ಮುಖವನ್ನು ನೋಡಲಾರದೆ ನೆಲ ನೋಡುತ್ತ, “ಈಗ ನೀ ಅವರ ಮನಿ ಸೊಸಿವ್ವಾ. ಕುಬಸಾ ಆಗಿ, ಕರಕೊಂಡ ಹೋಗೂತನಕ ನನ್ನ ಮಾತು ಇಲ್ಲಿ ನಡ್ಯಾಂಗಿಲ್ಲ” ಅಂದರು. ಕುಬಸವೆಂದರೆ ಐದನೆಯ ತಿಂಗಳಿನ ಸೀಮಂತ, ಅದಕ್ಕಿನ್ನೂ ದಿನಗಳಿದ್ದವು. ಹೀಗೆ ನನ್ನ ಬಾಯಿಗೆ ನನ್ನನ್ನು ಬಿಟ್ಟು ಎಲ್ಲರೂ ಯಜಮಾನರು, ಆದರೆ ಒಬ್ಬರೂ ಹೂಂ ಎನ್ನುವವರಿಲ್ಲ. ಹಲ್ಲಿನ ಬುಡದಲ್ಲಿ ಕೀವು ಕಾಣಿಸಿಕೊಂಡಿತು. ಗಂಜಿ ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಹೊಟ್ಟೆಯಲ್ಲಿದ್ದುದು ಮೊದಮೊದಲು ಮಿಸುಕಾಡತೊಡಗಿದ ಕಾಲ ಅದು. ಅತ್ತೆಯ ಮಗಳ ಕಥೆ ನನಗೂ ಗೊತ್ತಿತ್ತಲ್ಲ, ಕೀಳಿಸಿದರೂ ಸಾಯುತ್ತೇನೆ, ಕೀಳಿಸದಿದ್ದರೂ ಸಾಯುತ್ತೇನೆ ಎಂದು ಆ ಕತ್ತಲ ಕೋಣೆಯ ಚೀಲಗಳಿಗೆ ಒರಗಿ ಕೂತುಬಿಡುತ್ತಿದ್ದೆ.

ಒಂದು ಮುಂಜಾನೆ ನಾವಿಬ್ಬರೂ ಬೀಸುತ್ತಿದ್ದೆವು. ಬೀಸುಕಲ್ಲಿನ ಸದ್ದಿನಲ್ಲಿ ಆಡಿದ ಮಾತು ಪಡಸಾಲೆಗೆ ಕೇಳುವುದಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

“ಮುಂದಿನ ವಾರ ನಿನ್ನ ಕುಬಸಾ” ಅಂದಳು. “ಆವತ್ತ ನಿಮ್ಮ ಅವ್ವ, ನಮ್ಮ ಅತ್ತಿ ಇಬ್ರೂ ಒಂದ ಜಮಖಾನಿ ಮ್ಯಾಲ ಕುಂತಿರ್ತಾರ. ಅವರನ್ನ ಕೇಳು, ಇವರನ್ನ ಕೇಳು ಅನ್ನಾಕ ಬರಂಗಿಲ್ಲ. ಉಡಿ ತುಂಬಿದ ಮ್ಯಾಲ ಹಿರ್ಯಾರು, ಏನ್ ಬಯಕಿ ಆಗೈತಿ ಅಂತ ಕೇಳ್ತಾರಲ್ಲ, ಆಗ ಹಲ್ಲು ಕೀಳಿಸ್ರಿ ಅಂತ ಕೇಳು.”

“ಬಯಕಿ ಅಂದ್ರ ತಿನ್ನೂದು ಕೇಳೂದಲ್ಲೇನಕ್ಕ?”

“ತಿನ್ನಾಕ ಹಲ್ಲ ನೆಟ್ಟಗಿರಬೇಕಲ್ಲ?”

ಐದನೆಯ ತಿಂಗಳ ಕುಬಸಕ್ಕೆ ಕುಷ್ಟಗಿಯಿಂದ ಎರಡು ಚಕ್ಕಡಿ ತುಂಬ ಜನ ಬಂದರು. ಬುಟ್ಟಿಗಟ್ಟಲೆ ಹೋಳಿಗೆ, ಕರಚಿಕಾಯಿ, ಉಂಡಿ. ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಕುಬಸ ತೊಡಿಸಿ ಮಣೆಯ ಮೇಲೆ ಕೂರಿಸಿದರು. ಬಾತ ಕೆನ್ನೆಗೆ ಅರಿಶಿಣ ದಪ್ಪಗೆ ಹಚ್ಚಿದ್ದರಿಂದ ದೂರದಿಂದ ಬಂದವರಿಗೆ ನಾನು ಮೈಕೈ ತುಂಬಿಕೊಂಡಂತೆ ಕಂಡೆ. ಒಬ್ಬೊಬ್ಬರೇ ಬಂದು ಹೋಳಿಗೆ ಮುರಿದು ಬಾಯಿಗಿಡುತ್ತಿದ್ದರು. ನಾನು ಅದನ್ನು ಒಳ್ಳೆಯ ಕೆನ್ನೆಗೆ ಸರಿಸಿ ಹಾಗೇ ಇಟ್ಟುಕೊಳ್ಳುತ್ತಿದ್ದೆ. ಬೆಲ್ಲ ಕರಗಿ ಕೆಟ್ಟ ಹಲ್ಲಿಗೆ ತಾಗಿದಾಗ ತಲೆಯೊಳಗೆ ಸೂಜಿ ಆಡಿಸಿದಂತಾಗುತ್ತಿತ್ತು. ಬಸುರಿ ಮಣೆಯ ಮೇಲಿಂದ ಏಳುವಂತಿಲ್ಲ, ಉಗುಳುವಂತಿಲ್ಲ, ಅಳುವಂತಂತೂ ಇಲ್ಲವೇ ಇಲ್ಲ.

ಕೊನೆಗೆ ಓಣಿಯ ಎಲ್ಲರಿಗಿಂತ ಹಿರಿಯ ಅಜ್ಜಿ ಕೇಳಿದಳು: “ಏನ್ ಬಯಕಿ ಆಗೈತ್ಯವ್ವಾ? ನಾಚಬ್ಯಾಡ, ಕೇಳು.”

ನನಗೆ ಬಾಯಿ ತೆರೆಯಲಾಗಲಿಲ್ಲ. ಹೆದರಿಕೆಗೋ, ಕೆನ್ನೆಯ ಊತಕ್ಕೋ, ತುಂಬಿದ ಹೋಳಿಗೆಗೋ, ದವಡೆ ಕಚ್ಚಿಕೊಂಡುಬಿಟ್ಟಿತ್ತು. ಅಕ್ಕ ಆರತಿ ತಟ್ಟೆಯನ್ನು ಕೆಳಗಿಟ್ಟು ಮುಂದೆ ಬಂದಳು. ಸೆರಗು ತುಟಿಯ ಮೇಲಿರಲಿಲ್ಲ.

“ಆಕಿಗೆ ಹೇಳಾಕಾಗೂದಿಲ್ಲ, ನಾ ಹೇಳ್ತೀನ್ರಿ. ಆಕಿಗೆ ಹಲ್ಲು ಕೀಳಿಸ್ಕೊಳ್ಳೂ ಬಯಕಿ ಆಗೈತಿ.”

ಯಾರೋ ಕಿಸಕ್ಕನೆ ನಕ್ಕು ಅಲ್ಲಿಗೇ ನುಂಗಿಕೊಂಡರು. ಅತ್ತೆಯ ಮುಖ ಬಿಳಿಚಿತು. “ಇದೆಂಥಾ ಬಯಕಿ?”

“ಬಸುರಿ ಬಯಕಿಗೆ ಎಂಥಾದ್ದು ಅಂತ ಕೇಳಬಾರದು ಅಂತ ನೀವ ಹೇಳೀರಿ. ತೀರಿಸಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ ಅಂತನೂ ನೀವ ಹೇಳೀರಿ. ನನಗ ಗೊತ್ತಿದ್ದಿಲ್ಲ, ನಿಮ್ಮಿಂದನ ಕಲತೀನಿ.”

ಅತ್ತೆ ನನ್ನ ಅವ್ವನನ್ನು ನೋಡಿದರು, ಅವ್ವ ಅತ್ತೆಯನ್ನು ನೋಡಿದಳು. ಇಬ್ಬರಿಗೂ ಹಿಂದೆ ಸರಿಯಲು ಜಾಗವಿರಲಿಲ್ಲ, ಬೆನ್ನಿಗೆ ಇಡೀ ಓಣಿ ಕೂತಿತ್ತು. “ನನ್ನ ಮಗಳೂ ಹಿಂಗ…” ಎಂದು ಅತ್ತೆ ಶುರುಮಾಡಿದರು. ಅವ್ವ ಅವರ ಕೈ ಹಿಡಿದುಕೊಂಡು, “ಕೂಸು ಎರಡೂ ಮನೀದು ಬೀಗ್ತಿ. ಏನಾರ ಆದ್ರ ಇಬ್ರೂ ಕೂಡೇ ಅಳೂಣು. ಕಳಸ್ರಿ” ಅಂದಳು.

ಅತ್ತೆ ತಲೆಯಾಡಿಸಿದರು. ಆದರೆ ಅವರ ಬೆರಳು ಅಕ್ಕನ ಕಡೆ ತಿರುಗಿತ್ತು. “ಹೋಗ್ಲಿ. ಈಕಿ ಸುಸೂತ್ರ ಹಡೀತನಕ ನೀ ಈ ಹೊಸ್ತಿಲಾ ದಾಟಂಗಿಲ್ಲ. ಬಾವಿಗೂ ಇಲ್ಲ, ತವರಿಗೂ ಇಲ್ಲ. ಏನಾರ ಆತಂದ್ರ ನಿನ್ನನ್ನ ಕೇಳ್ತೀನಿ.”

“ಹೂಂನ್ರಿ” ಅಂದಳು ಅಕ್ಕ. ಸೆರಗು ಮತ್ತೆ ತುಟಿಗೆ ಬಂದಿತ್ತು.

ಅವ್ವ ನನ್ನ ಜೊತೆ ಬಂದಳು. ಕೊಪ್ಪಳದ ಡಾಕ್ಟರರು ವಯಸ್ಸಾದವರು. ಸಣ್ಣ ಕನ್ನಡಿ ಬಾಯೊಳಗೆ ಹಿಡಿದು ನೋಡಿ, “ಭಾಳ ತಡಾ ಮಾಡೀರಿ. ಆದ್ರ ನಡುವಿನ ತಿಂಗಳದಾಗ ಬಂದೀರಿ, ಅದು ಛಲೋ ಆತು” ಅಂದರು. ಒಸಡಿಗೆ ಸೂಜಿ ಚುಚ್ಚಿದರು, ಕೆನ್ನೆ ಮರಗಟ್ಟಿತು, ಕರ್ ಎಂದು ಒಂದು ಸದ್ದು, ಅಷ್ಟೇ. ಅಷ್ಟು ದಿನ ನನ್ನನ್ನು ಆಳಿದ್ದು ತಟ್ಟೆಯಲ್ಲಿ ಟಣ್ಣೆಂದು ಬಿತ್ತು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು, ವಾಂತಿಯಾದ ಕೂಡಲೇ ನೀರಿನಿಂದ ಬಾಯಿ ತೊಳೆಯಬೇಕು, ರಕ್ತ ಬರುತ್ತದೆಂದು ತಿಕ್ಕುವುದನ್ನು ಬಿಟ್ಟರೆ ಒಸಡು ಇನ್ನಷ್ಟು ಕೆಡುತ್ತದೆ, ಮೆತ್ತಗೆ ದಿನವೂ ತಿಕ್ಕಲೇಬೇಕು ಎಂದು ಹೇಳಿ ಕಳಿಸಿದರು. ಅವ್ವ ತಡೆಯಲಾರದೆ ಅತ್ತೆಯ ಮಗಳ ವಿಷಯ ಕೇಳಿದಳು. “ಕಿತ್ತದ್ದಕ್ಕ ಸತ್ತಿಲ್ಲವ್ವಾ. ಕೀವು ತುಂಬೂತನಕ ಬಿಟ್ಟದ್ದಕ್ಕ, ಮತ್ತ ಹೊಲಸ ಇಕ್ಕಳದಾಗ ಕಿತ್ತದ್ದಕ್ಕ ಹೋಗ್ಯಾಳ” ಅಂದರು ಡಾಕ್ಟರು. ಇದನ್ನು ಅತ್ತೆಗೆ ಹೇಳುವುದು ಬೇಡವೆಂದು ನಾವಿಬ್ಬರೂ ಚಕ್ಕಡಿಯಲ್ಲೇ ತೀರ್ಮಾನಿಸಿದೆವು. ಹೇಳಿದ್ದರೆ ಆ ಜೀವ ಉಳಿಯುತ್ತಿರಲಿಲ್ಲ.

ನನಗೆ ಬಿಡುಗಡೆಯಾಯಿತು, ರೊಟ್ಟಿ ಮುರಿದು ತಿಂದೆ. ಅಕ್ಕ ಒಳಗೆ ಸಿಕ್ಕಿಬಿದ್ದಳು. ಬಾವಿಯ ನೀರನ್ನೂ ಬೇರೆಯವರು ತಂದರು. ನನಗೆ ಬೆನ್ನು ನೋವೆಂದರೆ ಅತ್ತೆ ಆಕೆಯ ಮುಖ ನೋಡುತ್ತಿದ್ದರು, ಕಾಲು ಬಾತರೆ ಆಕೆಯ ಮುಖ ನೋಡುತ್ತಿದ್ದರು. ನಾನು ಒಮ್ಮೆ ಹೊಸ್ತಿಲಿಗೆ ಎಡವಿದಾಗ ಆಕೆಯ ಕೈಯಲ್ಲಿದ್ದ ತಟ್ಟೆ ಬಿದ್ದೇ ಹೋಯಿತು. ದಿನಾ ಮುಂಜಾನೆ ಬೀಸುಕಲ್ಲಿನ ಮುಂದೆ ಆಕೆಯ ಮೊದಲ ಮಾತು, “ಒದೀತೇನ?” ನಾನು ಹೂಂ ಎಂದ ಮೇಲೆಯೇ ಕಲ್ಲು ತಿರುಗುತ್ತಿತ್ತು.

ಆ ನಡುವೆ ಇರಕಲ್ಲಗಡದಲ್ಲಿ ಆಕೆಯ ಒಬ್ಬನೇ ತಮ್ಮನ ಮದುವೆ ಬಂತು. ಕರೆದೊಯ್ಯಲು ಮದುಮಗನೇ ಚಕ್ಕಡಿ ಕಟ್ಟಿಕೊಂಡು ಬಂದು ಪಡಸಾಲೆಯಲ್ಲಿ ಕೂತ. ಅತ್ತೆ ಇಲ್ಲ ಅಂದರು. ಅವನು ಕೈಮುಗಿದು ಕೇಳಿದ, ಮಾವನವರೂ ಹೇಳಿ ನೋಡಿದರು. ಅತ್ತೆ ಜಗ್ಗಲಿಲ್ಲ. ಅಕ್ಕ ತನ್ನ ನಾಲ್ಕೂ ಮಕ್ಕಳಿಗೆ ಎಣ್ಣೆ ಹಚ್ಚಿ ಬಾಚಿ, ಅವನೊಂದಿಗೆ ಚಕ್ಕಡಿ ಹತ್ತಿಸಿದಳು. ಹತ್ತಿಸಿದಳು ಎಂದರೆ ಹೊಸ್ತಿಲೊಳಗೆ ನಿಂತು ಕೈ ಬೀಸಿದಳು, ಅಷ್ಟೇ. ಆಮೇಲೆ ಬಂದು ರೊಟ್ಟಿ ಬಡಿಯತೊಡಗಿದಳು. ನನಗೆ ದುಃಖ ಒತ್ತರಿಸಿ ಬಂದು, “ನನ್ನ ಸಲುವಾಗಿ ಹಿಂಗಾತಲ್ಲಕ್ಕಾ” ಎಂದು ಅತ್ತುಬಿಟ್ಟೆ.

“ಅಳಬ್ಯಾಡ. ಒಳಗಿಂದು ಕೇಳತೈತಿ. ಅಂಜೀತು” ಅಂದಳು. ಆವತ್ತಿನ ರೊಟ್ಟಿಗಳೆಲ್ಲ ಒಂದೊಂದು ಕಡೆ ದಪ್ಪ, ಒಂದೊಂದು ಕಡೆ ತೆಳ್ಳಗೆ ಆಗಿದ್ದವು.

ದಿನ ಹತ್ತಿರ ಬಂದಾಗ ಕುಷ್ಟಗಿಗೆ ಹೋದೆ, ಅಲ್ಲಿ ನನಗೆ ಮಗಳು ಹುಟ್ಟಿದಳು, ಸುಸೂತ್ರವಾಗಿ. ಬಾಣಂತನ ಮುಗಿಸಿ ಕೂಸಿನೊಂದಿಗೆ ಯಲಬುರ್ಗಾಕ್ಕೆ ಬಂದ ದಿನ ಅತ್ತೆ ಬಾಗಿಲಲ್ಲೇ ಮೊಮ್ಮಗಳನ್ನು ಇಸಿದುಕೊಂಡು ಮೊದಲು ಎರಡೂ ಕಿವಿ ಬಗ್ಗಿಸಿ ನೋಡಿದರು. ಒಣಗಿದ್ದವು. ಮುದ್ದಿಟ್ಟು, ಹಿರೇಸೊಸೆಯ ಕಡೆ ತಿರುಗಿ, “ಇನ್ನ ನೀ ತವರಿಗೆ ಹೋಗಿ ಬಾ” ಅಂದರು. “ಈಗ ಯಾಕ್ರಿ, ಮದುವಿ ಮುಗದು ಭಾಳ ದಿನಾ ಆತಲ್ಲ” ಎಂದು ಆಕೆ ಒಳಗೆ ಹೋದಳು. ಹೋಗಲೂ ಇಲ್ಲ, ಆ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಆಮೇಲೆ ಆಕೆಗೊಂದು ಚಟ ಅಂಟಿತು. ಓಣಿಯ ಯಾವ ಹೆಣ್ಣುಮಗಳು ಬಸುರಿಯೆಂದು ಗೊತ್ತಾದರೂ ಹಿಡಿದು ನಿಲ್ಲಿಸಿ, “ಬಾಯಿ ತೆರಿ” ಅನ್ನುವುದು. ಬೆಳಕಿನ ಕಡೆ ಗದ್ದ ಎತ್ತಿ ಒಸಡು ನೋಡುವುದು. ನಿಜಾಮರ ಆಳ್ವಿಕೆಯ ಕೊನೆಯ ಗಲಾಟೆಯ ವರ್ಷ ನಾವೆಲ್ಲ ಗಡಿಯಾಚೆ ಹೋಗಿ ಶಿಬಿರದಲ್ಲಿ ಬಿದ್ದುಕೊಂಡಿದ್ದಾಗಲೂ ಬಿಡಲಿಲ್ಲ. ಎಲ್ಲರೂ ಮನೆಮಠದ ಚಿಂತೆಯಲ್ಲಿದ್ದರೆ ಈಕೆ ಗುರುತಿಲ್ಲದ ಬಸುರಿಯೊಬ್ಬಳಿಗೆ ಉಪ್ಪುನೀರು ಕಾಯಿಸಿ ಕೊಡುತ್ತಿದ್ದಳು. ಕೆಲವರು ಬೈದರು, ಬಾಯಿ ತೆರೆಯದೆ ಓಡಿಹೋದರು. ಆಕೆಯ ಬೋಳು ಬಾಯಿಯನ್ನು ನೋಡಿ ನಕ್ಕವರೂ ಉಂಟು. ಅಂಥವರಿಗೆ ಒಂದು ಸೀಟಿ ಹೊಡೆದು ತೋರಿಸುತ್ತಿದ್ದಳು.

ಆದರೆ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಲೇ ಇತ್ತು. ನನಗಾಗಿ ಓಣಿಯ ಮುಂದೆ ಅಷ್ಟು ದೊಡ್ಡ ಬಾಯಿ ಮಾಡಿದವಳು ತನಗಾಗಿ ಯಾಕೆ ಮಾಡಲಿಲ್ಲ? ಅತ್ತೆ ತೀರಿಕೊಂಡ ಮೇಲೆ, ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಇಬ್ಬರೇ ಶೇಂಗಾ ಸುಲಿಯುತ್ತಿದ್ದಾಗ ಕೇಳಿಯೇಬಿಟ್ಟೆ.

“ಅಕ್ಕಾ, ನಿನ್ನ ಕುಬಸದಾಗ ನಿನಗ ಹಲ್ಲುನೋವು ಇದ್ದಿಲ್ಲೇನು?”

“ಇತ್ತಲ್ಲ. ನಿನಗಿಂತ ಹೆಚ್ಚಿತ್ತು.”

“ಬಯಕಿ ಕೇಳಲಿಲ್ಲೇನು ನಿನಗ?”

“ಕೇಳಿದ್ರು” ಅಂದಳು. ಸುಲಿಯುವ ಕೈ ನಿಲ್ಲಲಿಲ್ಲ. “ಹುಣಸಿಕಾಯಿ ಬೇಕಂದೆ. ಕೇಳಿದ್ರ ಹಂಗ ಹೇಳಬೇಕಂತ ನಮ್ಮವ್ವ ಕಲಿಸಿ ಕಳಿಸಿದ್ಲು. ನನಗರ ಏನ್ ತಿಳೀತಿತ್ತು, ಸಣ್ಣಾಕಿ. ಆಗಿಂದಾಗ ಹರಕೊಂಡ ಬಂದು ಕೊಟ್ರು. ತಿನ್ನು, ತಿನ್ನು ಅಂತ ಎಲ್ಲಾರೂ ಮುಂದ ಕುಂತು ನೋಡಾಕತ್ರು. ಕಚ್ಚಿದೆ. ಕಣ್ಣಾಗ ಬಳಬಳ ನೀರು ಬಂದುವು. ಕಾಯಿ ಭಾಳ ಹುಳಿ ಐತಿ ಅಂತ ಎಲ್ಲಾರೂ ನಕ್ರು. ನಾನೂ ನಕ್ಕೆ.”